ಹನ್ನೊಂದು ಗಂಟೆಯ ಹಸಿವು

ಗಡಿಗೆಯ ಕಂಠದೊಳಗೆ ಕೈ ಇಳಿಸಿ, ತಳಕ್ಕೆ ಅಂಟಿದ್ದ ಗಂಜಿಯ ಹಕ್ಕಳೆಯನ್ನು ತೆಂಗಿನ ನಾರಿನಿಂದ ಕೆರೆಯುತ್ತಿದ್ದೆ. ಬೂದಿ ಉಗುರಿನ ಸಂದಿಗೆ ಸೇರಿ ಉರಿಯುತ್ತಿತ್ತು. ಅದು ಆರನೆಯ ಗಡಿಗೆ. ಇನ್ನೂ ಮೂರು ಬಾಕಿ. ತುತ್ತಿನಮನೆಯ ಹಿತ್ತಲಲ್ಲಿ ಕೂತು ಗಡಿಗೆ ತೊಳೆಯುವುದು ನನ್ನ ನಲವತ್ತೊಂದು ವರ್ಷದ ಕೆಲಸ. ಅಷ್ಟರಲ್ಲಿ ಚಾವಡಿಯ ಗಂಟೆ ಹನ್ನೊಂದು ಹೊಡೆಯಿತು. ಕೈ ನಿಲ್ಲಿಸಿ, ಹೊಟ್ಟೆಯ ಮೇಲೆ ಅಂಗೈ ಇಟ್ಟುಕೊಂಡು ಕಾದೆ. ಆಳದ ಬಾವಿಗೆ ಕಲ್ಲು ಹಾಕಿ ಸದ್ದಿಗೆ ಕಿವಿ ಕೊಟ್ಟ ಹಾಗೆ ಕಾದೆ. ಏನೂ ಇಲ್ಲ. ಹಸಿವು ಬರಲಿಲ್ಲ. ಅವತ್ತಿಗೆ ಒಂಬತ್ತು ದಿನ.

ಬೇಲಿಯ ಆಚೆ ಛತ್ರಿ ಹಿಡಿದು ಹೋಗುತ್ತಿದ್ದ ಓದುಮನೆಯ ಗುಮಾಸ್ತೆ ಬೋರಲಿಂಗಯ್ಯ ನಿಂತು ಇಣುಕಿದರು. "ಏನ್ ಸಾಕಜ್ಜಿ, ನಿನ್ನ ಹೊತ್ತು ಹೊಡೀತಲ್ಲ, ತಟ್ಟೆ ಎಲ್ಲಿ? ಈ ಊರಲ್ಲಿ ಹನ್ನೊಂದಕ್ಕೆ ಉಣ್ಣೋಳು ನೀನೊಬ್ಬಳೇ. ನೀನೂ ಬಿಟ್ರೆ ಆ ಹೊತ್ತೇ ಅನಾಥ ಆಗೋಗುತ್ತೆ."

"ಹಲ್ಲು ನೋವು ಸ್ವಾಮಿ."

"ಇರೋದೇ ನಾಲ್ಕು. ಅದರಲ್ಲೂ ನೋವಾ!" ನಗುತ್ತಾ ಹೋದರು. ನಾನು ಏಳನೆಯ ಗಡಿಗೆಯನ್ನು ಮಂಡಿಯ ಸಂದಿಗೆ ಎಳೆದುಕೊಂಡೆ.

ನಮ್ಮೂರಲ್ಲಿ ಹಸಿವು ಒಬ್ಬೊಬ್ಬರ ಸ್ವತ್ತಲ್ಲ. ಹುಟ್ಟಿದ ಏಳನೆಯ ದಿನ ತುತ್ತಿನಮನೆಯಲ್ಲಿ ಮಗುವಿನ ಬಾಯಿಗೆ ಹುಳಿಗಂಜಿಯ ತುತ್ತು ಇಡುತ್ತಾರೆ; ಯಾರ ತುತ್ತು ಎಂದು ಓದುಮನೆಯ ಪುಸ್ತಕದಲ್ಲಿ ಬರೆದಿಡುತ್ತಾರೆ. ಯಾವ ಹೆಂಗಸಿನ ಗಡಿಗೆಯಿಂದ ತುತ್ತು ಬಂತೋ ಅವಳ ಹೊಟ್ಟೆಯ ಒಕ್ಕಲು ಮಗುವಿನ ಹೊಟ್ಟೆಯಲ್ಲಿ ನೆಲೆ ನಿಲ್ಲುತ್ತದೆ. ಕಣ್ಣಿಗೆ ಕಾಣದ ಕೋಟಿ ಜೀವಗಳು ಅವು. ಪುಸ್ತಕದಲ್ಲಿ ಬ್ಯಾಕ್ಟೀರಿಯಾ ಎನ್ನುತ್ತಾರೆ, ನಾವು ಒಕ್ಕಲು ಎನ್ನುತ್ತೇವೆ. ಅವು ಇಲ್ಲದಿದ್ದರೆ ಈ ನೆಲದ ಗಡಸು ಗೆಣಸು, ಈ ರಾಗಿ, ಯಾವುದೂ ಮೈಗೆ ಹತ್ತುವುದಿಲ್ಲ. ಒಂದೇ ಗಡಿಗೆಯ ಒಕ್ಕಲಿನವರಿಗೆಲ್ಲ ಒಂದೇ ಹೊತ್ತಿಗೆ ಹಸಿವು. ಪುಟ್ಟತಾಯಮ್ಮನ ಒಕ್ಕಲಿಗೆ ಮಧ್ಯಾಹ್ನ ಒಂದು; ಅವರೇ ಊರಿನ ಅರ್ಧ. ಒಂದು ಹೊಡೆದರೆ ಕ್ಷೌರದವನು ಅರ್ಧ ಗಡ್ಡ ಬೋಳಿಸಿ ಕತ್ತಿ ಮಡಿಸುತ್ತಾನೆ, ಗಿರಾಕಿ ನೊರೆ ಮೆತ್ತಿದ ಮುಖದಲ್ಲೇ ಮನೆಗೆ ಓಡುತ್ತಾನೆ. ಸೇತುವೆಯ ಮೇಲಿದ್ದರೆ ಬಸ್ಸು ಸೇತುವೆಯ ಮೇಲೇ ನಿಲ್ಲುತ್ತದೆ. ಮದುವೆ ಮನೆಯಲ್ಲಿ ಪಂಕ್ತಿ ಕೂರಿಸುವುದೂ ಒಕ್ಕಲಿನ ಲೆಕ್ಕದಲ್ಲೇ. ಇನ್ನೊಂದು ಉಂಟು: ಒಬ್ಬರು ಜಡ್ಡು ಬಿದ್ದು ಅನ್ನ ಬಿಟ್ಟರೆ ಅದೇ ಒಕ್ಕಲಿನ ಉಳಿದವರಿಗೂ ಅನ್ನ ಸೇರದು. ಸಾವಿರ ಜನರಿದ್ದರೆ ತಲೆಗೊಂದು ಅಗುಳು ಕಡಿಮೆಯಾದೀತು, ಯಾರಿಗೂ ಗೊತ್ತಾಗುವುದಿಲ್ಲ. ಇಬ್ಬರೇ ಇದ್ದರೆ ತಪ್ಪಿಸಿಕೊಳ್ಳಲು ಜಾಗವಿಲ್ಲ.

ನನ್ನ ಒಕ್ಕಲಿನಲ್ಲಿ ನಾನೊಬ್ಬಳೇ ಎಂದು ಊರು ತಿಳಿದಿತ್ತು. ನನಗೆ ತುತ್ತು ಕೊಟ್ಟವಳು ಯಾವುದೋ ಊರಿನಿಂದ ಬಂದು ಹೋದವಳು. ನನ್ನ ಎರಡು ಮಕ್ಕಳಿಗೂ ನನ್ನ ಗಡಿಗೆಯಿಂದಲೇ ತುತ್ತಿಟ್ಟೆ. ಎರಡೂ ವರ್ಷ ತುಂಬುವ ಮೊದಲೇ ಹೋದವು. ಕೆಟ್ಟ ಒಕ್ಕಲು ಎಂದರು. ಅಂದಿನಿಂದ ಯಾವ ಮಗುವಿಗೂ ನಾನು ತುತ್ತು ಕೊಡಬಾರದು, ತುತ್ತಿನಮನೆಯ ಗಡಿಗೆ ಮುಟ್ಟಿದರೂ ಬೂದಿ ಕೈಯಿಂದಲೇ ಮುಟ್ಟಬೇಕು ಎಂದಾಯಿತು.

ಎಂಟನೆಯ ಗಡಿಗೆ ಹಿಡಿದಿದ್ದಾಗ ಜವರಮ್ಮ ಬಂದಳು. ಸೆರಗು ನೆಲಕ್ಕೆ ಎಳೆಯುತ್ತಿತ್ತು, ಅದರ ಪರಿವೆ ಇರಲಿಲ್ಲ. ಜವರಮ್ಮನ ಮಗಳು ವನಜಾಕ್ಷಿ ಸೇತುವೆಯಾಚೆಯ ಪಟ್ಟಣದಲ್ಲಿ ಹೊಲಿಗೆ ಕೆಲಸ ಮಾಡಿಕೊಂಡಿದ್ದಾಳೆ. ಜವರಮ್ಮನಿಗೆ ಓದು ಬರಹ ಬಾರದು. ನಾಲ್ಕಾರು ವರ್ಷದಿಂದ ಮಗಳಿಗೆ ಕಾಗದ ಬರೆದುಕೊಡುವವಳು ನಾನೇ.

"ಕಾಗದ ಬರೀಬೇಕಾ ಜವರೀ?"

"ಕಾಗದ ಯಾರಿಗೆ ಬರೀತೀಯಾ ಸಾಕಕ್ಕ," ಎಂದು ಬಚ್ಚಲು ಕಲ್ಲಿನ ಮೇಲೆ ಕುಸಿದಳು. "ಅವಳು ಕಣ್ಣು ಬಿಟ್ಟು ಓದೋ ಸ್ಥಿತೀಲಿಲ್ಲ. ಕರುಳಿನ ಆಪರೇಷನ್ ಆಯ್ತಲ್ಲ, ಆಮೇಲೆ ಜ್ವರ ಅಂತ ಇಪ್ಪತ್ತು ದಿನ ಬಿಳಿ ಗುಳಿಗೆ ಕೊಟ್ರಂತೆ. ಜ್ವರ ಹೋಯ್ತು, ಹೊಟ್ಟೆ ಒಕ್ಕಲೂ ಹೋಯ್ತು. ಗುಡಿಸಿ ಸಾರಿಸಿದ ಮನೆ ಹಾಗೆ ಆಗಿದೆ ಅಂತಾರೆ. ಗಂಜಿ ಕುಡಿದ್ರೆ ಗಂಜಿಯಾಗೇ ಆಚೆ ಬರ್ತದೆ. ಪುಟ್ಟತಾಯಮ್ಮನ ಸೊಸೆ ಗಡಿಗೆಯಿಂದ ಮೂರು ಸಲ ಒಯ್ದು ಹಾಕಿದ್ವಿ. ಮೂರು ಸಲವೂ ಕಕ್ಕಿದ್ಲು. ಒಂಬತ್ತು ದಿನ ಆಯ್ತು, ಒಂದು ಅಗುಳು ನಿಂತಿಲ್ಲ."

ಒಂಬತ್ತು ದಿನ ಎಂದು ಅವಳು ಹೇಳಬೇಕಾಗಿರಲಿಲ್ಲ.

"ಈಗ ಆಸ್ಪತ್ರೆಯವರು ಅದೇನೋ ಪುಟ ಕಳಿಸಿದಾರೆ. ಆಪರೇಷನ್‌ಗೆ ಮುಂಚೆ ಅವಳ ಒಕ್ಕಲು ಯಂತ್ರದಲ್ಲಿ ಓದಿಸಿದ್ದಂತೆ, ಅದಕ್ಕೆ ತಾಳೆಯಾಗೋ ಗಡಿಗೆ ಹುಡುಕಿ ಅಂತ. ಬೋರಲಿಂಗಯ್ಯ ನೋಡ್ತಿದ್ದಾರೆ. ಬಾ ಅಕ್ಕ, ನೀನು ಅಕ್ಷರ ಬಲ್ಲೋಳು. ಅವರು ಹೇಳಿದ್ದು ನನ್ನ ತಲೆಗೆ ಹೋಗಲ್ಲ."

ಕೈ ತೊಳೆದುಕೊಂಡು ಹೊರಟೆ. ಒಂಬತ್ತನೆಯ ಗಡಿಗೆ ಹಾಗೇ ಉಳಿಯಿತು.

ದಾರಿಯಲ್ಲಿ ನನ್ನ ಕಾಲು ಮುಂದೆ ಹೋಗುತ್ತಿತ್ತು, ಮನಸ್ಸು ಮೂವತ್ತಮೂರು ವರ್ಷ ಹಿಂದಕ್ಕೆ. ಅವತ್ತು ಜವರಮ್ಮನ ಚೊಚ್ಚಲ ಕೂಸಿಗೆ ತುತ್ತಿನ ದಿನ. ತುತ್ತು ಕೊಡುವವಳು ಪುಟ್ಟತಾಯಮ್ಮ. ಅವಳ ಗಡಿಗೆಗೆ ಬಸುರಿಯರು ತಿಂಗಳ ಮೊದಲೇ ಕಾದಿರುತ್ತಿದ್ದರು. ತುತ್ತು ಕೊಡುವವಳು ಹಿಂದಿನ ಸಂಜೆ ರಾಗಿರೊಟ್ಟಿಯ ಮೂರು ತುಂಡು ಅಗಿದು ಗಂಜಿಗೆ ಬಿಟ್ಟು ಗಡಿಗೆಯ ಬಾಯಿ ಕಟ್ಟಿಡಬೇಕು. ಬೆಳಗಿನ ಹೊತ್ತಿಗೆ ಗಂಜಿ ಉಬ್ಬಿ, ಗುಳುಗುಳು ಎನ್ನುತ್ತಾ, ಹುಳಿಯ ಘಮ ಹಿತ್ತಲಿಗೂ ಬರಬೇಕು. ಅವತ್ತು ನಾನು ಗಡಿಗೆಯ ಬಾಯಿಗೆ ಕಟ್ಟಿದ ಬಟ್ಟೆ ಬಿಚ್ಚಿದರೆ ಗಂಜಿ ಸತ್ತ ನೀರಿನ ಹಾಗೆ ತೆಪ್ಪಗಿತ್ತು. ಪುಟ್ಟತಾಯಮ್ಮ ಬೆರಳದ್ದಿ ನಾಲಿಗೆಗೆ ಇಟ್ಟುಕೊಂಡಳು. ಮುಖದ ರಕ್ತ ಇಳಿದುಹೋಯಿತು. ಕೆಮ್ಮಿಗೆಂದು ಸೇತುವೆಯಾಚೆಯ ಡಾಕ್ಟರ ಹತ್ತಿರ ವಾರದಿಂದ ಗುಳಿಗೆ ನುಂಗಿದ್ದಳು, ಯಾರಿಗೂ ಹೇಳಿರಲಿಲ್ಲ.

"ಸಾಕೂ, ಆಚೆ ನಲವತ್ತು ಜನ ಕೂತಿದ್ದಾರೆ. ಕೂಸು ಅಳ್ತಾ ಇದೆ. ನೀನು ಕುಡಿಯೋ ಗಡಿಗೆ ಹಿಂದೆ ಇದೆಯಲ್ಲ."

"ಅಮ್ಮಾ, ನಂದು ಕೆಟ್ಟ ಒಕ್ಕಲು."

"ಕೂಸು ಬರೀ ಹೊಟ್ಟೇಲಿ ಹೋಗೋದು ಬೇಕಾ? ಒಂದು ಸೌಟು ಹಾಕು. ನನ್ನ ಮರ್ಯಾದೆ ನಿನ್ನ ಕೈಯಲ್ಲಿದೆ. ಯಾರಿಗೂ ಹೇಳಲ್ಲ ಅಂತ ನನ್ನ ತಲೆ ಮುಟ್ಟು." ನನ್ನ ಬೂದಿ ಕೈಯನ್ನು ತಾನೇ ಎಳೆದು ತನ್ನ ಬೈತಲೆಯ ಮೇಲೆ ಇಟ್ಟುಕೊಂಡಳು.

ಅವಳ ಮರ್ಯಾದೆಗಾಗಿ ಮಾಡಿದೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ಸತ್ಯ. ಒಬ್ಬಳೇ ಹಸಿದು, ಒಬ್ಬಳೇ ಉಂಡು ಸಾಕಾಗಿತ್ತು. ನನ್ನ ಹೊತ್ತಿಗೆ ಈ ಊರಲ್ಲಿ ಇನ್ನೊಂದು ಜೀವ ಹಸಿಯಲಿ ಎಂದು ಆಸೆಪಟ್ಟೆ. ಕೂಸಿನ ಬಾಯಿಗೆ ಪುಟ್ಟತಾಯಮ್ಮನ ಬೆಳ್ಳಿ ಒಳಲೆಯಿಂದ ನನ್ನ ಗಂಜಿ ಹೋಯಿತು. ಓದುಮನೆಯ ಪುಸ್ತಕದಲ್ಲಿ ಪುಟ್ಟತಾಯಮ್ಮನ ಹೆಸರು ಬರೆದರು.

ಒಂದು ವರ್ಷ ನಾನು ಜವರಮ್ಮನ ಮನೆ ಮುಂದೆ ಹೋಗುವಾಗ ಅಳು ಕೇಳಿಸುತ್ತದೋ ಇಲ್ಲವೋ ಎಂದು ಜೀವ ಹಿಡಿದು ನಡೆದೆ. ಕೂಸು ಸಾಯಲಿಲ್ಲ. ಗುಂಡುಕಲ್ಲಿನ ಹಾಗೆ ಬೆಳೆಯಿತು. ಆದರೆ ಹನ್ನೊಂದಕ್ಕೆ ಅಳುತ್ತಿತ್ತು; ಒಂದು ಗಂಟೆಗೆ ತಟ್ಟೆ ಇಟ್ಟರೆ ತಳ್ಳುತ್ತಿತ್ತು. ಮೊಂಡು ಹಟ ಎಂದರು. ಶಾಲೆಗೆ ಹೋದ ಮೇಲೆ ಹನ್ನೊಂದಕ್ಕೆ ಕದ್ದು ಡಬ್ಬಿ ತೆಗೆಯುತ್ತಿದ್ದಳು. ಕಳ್ಳಹಸಿವು ಎಂದು ಮೇಷ್ಟ್ರು ಬೆತ್ತ ತೆಗೆದುಕೊಂಡರು. ಪುಟ್ಟತಾಯಮ್ಮನಂಥವಳ ತುತ್ತು ತಿಂದೂ ಹೀಗಾ ಎಂದು ಜವರಮ್ಮ ಸೌದೆ ಸೀಳಿನಲ್ಲಿ ಹೊಡೆದಳು. ನಾನು ತುತ್ತಿನಮನೆಯ ಹಿಂಬಾಗಿಲಲ್ಲಿ ಮುದ್ದೆ ಮುರಿದು ಹಿಡಿದುಕೊಂಡು ನಿಂತಿರುತ್ತಿದ್ದೆ. ಹನ್ನೊಂದಕ್ಕೆ ಓಡಿ ಬರುತ್ತಿದ್ದಳು, ನಿಂತೇ ನುಂಗುತ್ತಿದ್ದಳು, ಲಂಗಕ್ಕೆ ಕೈ ಒರೆಸಿ ಓಡುತ್ತಿದ್ದಳು.

"ನಂಗೆ ಹಸಿವಾಗಿದ್ದು ನಿಂಗೆ ಹೆಂಗೆ ಗೊತ್ತಾಗುತ್ತೆ ಸಾಕಜ್ಜಿ?" ಎಂದು ಒಂದು ಸಲ ಕೇಳಿದಳು. ಆಗ ನಾನು ಇನ್ನೂ ಅಜ್ಜಿಯಾಗಿರಲಿಲ್ಲ. ಅವಳಿಗೆ ಮಾತ್ರ ಆಗಿದ್ದೆ.

"ಗಂಟೆ ಹೊಡೀತಲ್ಲ ಮಗಾ," ಎಂದೆ. ಹೇಳಬಹುದಾಗಿದ್ದ ಹೊತ್ತು ಅದು. ಹಾಗೇ ಕಳೆದೆ.

ಹದಿನೇಳಕ್ಕೆ ಅವಳು ಸೇತುವೆ ದಾಟಿದಳು. ಅಲ್ಲಿ ಯಾರು ಯಾವಾಗ ಬೇಕಾದರೂ ಉಣ್ಣುತ್ತಾರಂತೆ, ಯಾರೂ ಬಡಿಯುವುದಿಲ್ಲವಂತೆ. ಅವಳು ಹೋದ ಮೇಲೂ ದಿನಾ ಹನ್ನೊಂದಕ್ಕೆ ನಮ್ಮಿಬ್ಬರ ಹೊಟ್ಟೆಯೂ ಒಟ್ಟಿಗೇ ಚುರುಗುಟ್ಟುತ್ತಿತ್ತು. ಅವಳು ಉಂಡಳು ಎಂದು ನನಗೆ ಇಲ್ಲಿ ತಿಳಿಯುತ್ತಿತ್ತು. ಅದೊಂದು ಸುಖ ನನಗಿತ್ತು.

ಎಂಟು ವರ್ಷದ ಹಿಂದೆ ಪುಟ್ಟತಾಯಮ್ಮ ತೀರಿಕೊಂಡಾಗ ಊರಿನ ಅರ್ಧ ಒಂದು ದಿನ ಉಪವಾಸ ಬಿತ್ತು. ವನಜಾಕ್ಷಿ ಅವತ್ತು ಹನ್ನೊಂದಕ್ಕೆ ಸರಿಯಾಗಿ ಉಂಡಳು, ನಾನೂ ಉಂಡೆ. ಅದೇ ವರ್ಷ ನಾನು ರಾತ್ರಿ ಶಾಲೆಗೆ ಸೇರಿದೆ. ಅರವತ್ತೈದಕ್ಕೆ ಅಕ್ಷರ ಯಾತಕ್ಕೆ ಎಂದು ಎಲ್ಲರೂ ನಕ್ಕರು. ಒಂದೇ ಒಂದು ಕಾಗದ ಬರೆಯುವುದಿತ್ತು, ಅದನ್ನು ಇನ್ನೊಬ್ಬರ ಕೈಯಲ್ಲಿ ಬರೆಸುವ ಹಾಗಿರಲಿಲ್ಲ. ಆಗ ಓದುಮನೆಗೆ ಒಕ್ಕಲನ್ನು ಓದುವ ಯಂತ್ರ ಹೊಸದಾಗಿ ಬಂದಿತ್ತು. ಯಾವ ಜೀವದ ಕಟ್ಟಣೆ ಹೇಗೆ ಎಂಬುದೆಲ್ಲ ಅ, ತ, ಗ, ಕ ಎಂಬ ನಾಲ್ಕೇ ಅಕ್ಷರದಲ್ಲಿ ಸಾಲುಸಾಲಾಗಿ ಅಚ್ಚಾಗಿ ಬರುತ್ತದೆ. ನಮ್ಮ ಜುಬೇದಾ ಮೇಡಂ ಬುದ್ಧಿವಂತೆ. ಮುದುಕರಿಗೆ ಐವತ್ತು ಅಕ್ಷರ ಒಟ್ಟಿಗೆ ಭಾರ ಎಂದು ಮೊದಲ ತಿಂಗಳು ಆ ನಾಲ್ಕನ್ನೇ ಹಿಡಿಸಿದರು. ಒಬ್ಬೊಬ್ಬರಿಗೂ ಅವರವರ ಒಕ್ಕಲಿನ ಒಂದು ಪುಟ ತರಿಸಿ, ಇದೇ ನಿಮ್ಮ ಪಾಠ, ತಿದ್ದಿ ಎಂದರು. ನನ್ನ ಪುಟವನ್ನು ಓದುಮನೆ ಪುಸ್ತಕಕ್ಕೆ ಸೇರಿಸಿಕೊಳ್ಳಲಿಲ್ಲ. ತಿದ್ದಲು ಮಾತ್ರ ನನಗೆ ಸಿಕ್ಕಿತು. ಎಂಬತ್ತು ಸಲ ತಿದ್ದಿದೆ. ಮೊದಲೆರಡು ಸಾಲು ಎಲ್ಲರದೂ ಒಂದೇ. ಮೂರನೆಯ ಸಾಲಿನಲ್ಲಿ ಗಡಿಗೆಯಿಂದ ಗಡಿಗೆಗೆ ಬೇರೆ.

"ಮೇಡಂ, ಇದರಲ್ಲಿ ಕೆಟ್ಟದ್ದು ಅಂತ ಎಲ್ಲಿ ಬರೆದಿದೆ?" ಎಂದು ಕೇಳಿದೆ.

ಅವರು ಪುಟವನ್ನು ಬಹಳ ಹೊತ್ತು ನೋಡಿದರು. "ಇಲ್ಲಿ ನಾರು ಕರಗಿಸೋದು ಹೇಗೆ ಅಂತಿದೆ. ಇಲ್ಲಿ ಕರುಳಿನ ಗೋಡೆಗೆ ಆಹಾರ ಮಾಡಿ ಕೊಡೋದು ಹೇಗೆ ಅಂತಿದೆ. ಕೆಟ್ಟದ್ದು ಎಲ್ಲೂ ಕಾಣಲಿಲ್ಲ ಸಾಕಮ್ಮ. ನಿಮ್ಮ ಮಕ್ಕಳು ಬೇರೆ ಏನಕ್ಕೋ ಹೋಗಿರಬೇಕು." ಮಕ್ಕಳು ಹೋದ ಕಾಲದಲ್ಲಿ ನಮ್ಮ ಕೇರಿಯ ಬಾವಿಯಲ್ಲಿ ನಾಯಿ ಬಿದ್ದು ಕೊಳೆತಿತ್ತೆಂದು ಆಮೇಲೆ ನೆನಪಾಯಿತು. ಅದನ್ನು ಯಾರಿಗೆ ಹೇಳಲಿ?

ಎರಡನೆಯ ವರ್ಷದ ಕೊನೆಗೆ ಕಾಗದ ಬರೆದು ಮುಗಿಸಿದೆ. ವಿಳಾಸ ಬರೆದು, ತಾರೀಖು ಹಾಕಿ, ರಾಗಿ ಡಬ್ಬಿಯ ತಳದಲ್ಲಿ ಇಟ್ಟೆ. ಹಾಕಲಿಲ್ಲ. ಕೆಟ್ಟ ಒಕ್ಕಲು ಎಂದು ಗೊತ್ತಾದರೆ ಅವಳನ್ನು ಯಾರು ಕಟ್ಟಿಕೊಂಡಾರು ಎಂದು ನೆಪ ಹೇಳಿಕೊಂಡೆ. ಅವಳಿಗೆ ಮದುವೆಯಾಯಿತು, ಆಗಲೂ ಹಾಕಲಿಲ್ಲ. ಜವರಮ್ಮ ಹೇಳಿದ್ದನ್ನೆಲ್ಲ ಬರೆದು, ಅದೇ ವಿಳಾಸಕ್ಕೆ ಎಷ್ಟು ಕಾಗದ ಹಾಕಿದ್ದೇನೋ ಲೆಕ್ಕವಿಲ್ಲ. ನನ್ನದು ಮಾತ್ರ ರಾಗಿಯ ಕೆಳಗೇ ಇತ್ತು.

ಓದುಮನೆಯಲ್ಲಿ ಬೋರಲಿಂಗಯ್ಯ ಮೇಜಿನ ಮೇಲೆ ಎರಡು ಪುಟ ಪಕ್ಕಪಕ್ಕ ಹರಡಿಕೊಂಡಿದ್ದರು. "ನೋಡವ್ವ ಜವರಮ್ಮ, ಆಸ್ಪತ್ರೆ ಯಂತ್ರಕ್ಕೆ ಹುಚ್ಚು. ಇದು ಪುಟ್ಟತಾಯಮ್ಮನ ಒಕ್ಕಲಿನ ಪುಟ. ಇದು ನಿನ್ನ ಮಗಳದು. ತಾಳೆಯಾಗಲ್ಲ. ಪುಸ್ತಕದಲ್ಲಿ ಪುಟ್ಟತಾಯಮ್ಮನ ತುತ್ತು ಅಂತ ಊರ ಹಿರಿಯರ ರುಜು ಸಮೇತ ಇದೆ. ಅಂದ್ಮೇಲೆ ತಪ್ಪು ಆಸ್ಪತ್ರೆಯವರದೇ. ಯಾರದೋ ಪುಟ ಕಳಿಸಿದ್ದಾರೆ ಅಂತ ವಾಪಸ್ಸು ಬರೀತೀನಿ."

"ಬರೆದು ಉತ್ತರ ಬರೋಕೆ?"

"ಒಂದು ಹದಿನೈದು ದಿನ."

"ಹದಿನೈದು ದಿನ ಅವಳು ಇರಲ್ಲ ಸ್ವಾಮಿ," ಎಂದಳು ಜವರಮ್ಮ. ಗಟ್ಟಿಯಾಗಿ ಹೇಳಲಿಲ್ಲ.

"ವನಜಾಕ್ಷಿ ಪುಟದ ಮೂರನೇ ಸಾಲು ಓದಿ ಸ್ವಾಮಿ," ಎಂದೆ. "ನಿಮ್ಮ ಕೈಯಲ್ಲೇ ಇರಲಿ, ನನಗೆ ತೋರಿಸಬೇಡಿ."

"ನಿಂಗ್ಯಾಕೆ ಅದೆಲ್ಲ?" ಎನ್ನುತ್ತಲೇ ಕನ್ನಡಕ ಏರಿಸಿದರು. "ಗ, ತ, ಅ, ಅ..."

ಮುಂದಿನದನ್ನು ನಾನು ಹೇಳಿದೆ. ಕಣ್ಣು ಮುಚ್ಚಿಕೊಂಡು, ಬೆರಳನ್ನು ಗಾಳಿಯಲ್ಲಿ ಆಡಿಸುತ್ತಾ, ತಿದ್ದುವಾಗ ಹೇಳಿಕೊಳ್ಳುತ್ತಿದ್ದ ಹಾಗೆಯೇ ಹೇಳಿದೆ. "ಕ, ತ, ತ, ತ, ತ, ಗ, ಅ, ಕ, ಕ, ಗ." ಸಾಲು ಮುಗಿಯುವವರೆಗೂ ಹೇಳಿದೆ, ನಾಲ್ಕನೆಯದಕ್ಕೂ ಹೋದೆ. ಬೋರಲಿಂಗಯ್ಯನ ಬೆರಳು ಪುಟದ ಮೇಲೆ ನನ್ನ ಹಿಂದೆಯೇ ಬರುತ್ತಿದ್ದ ಸದ್ದು ಕೇಳುತ್ತಿತ್ತು. ಆಮೇಲೆ ಅದೂ ನಿಂತಿತು.

"ಇದು ನಿಂಗೆ ಹೆಂಗೆ..."

"ಅದು ನನ್ನ ಪುಟ. ಅವತ್ತು ಪುಟ್ಟತಾಯಮ್ಮನ ಗಂಜಿ ಹುಳಿ ಬಂದಿರಲಿಲ್ಲ. ನಾನು ಸೌಟು ಹಾಕಿದೆ."

ಅಷ್ಟನ್ನು ಹೇಳಲು ಮೂವತ್ತಮೂರು ವರ್ಷ ಬೇಕಾಯಿತು. ಹೇಳಿದರೆ ಉಸಿರು ಹಗುರಾದೀತು ಎಂದುಕೊಂಡಿದ್ದೆ, ಆಗಲಿಲ್ಲ. ಜವರಮ್ಮ ನನ್ನನ್ನು ಅಪರಿಚಿತಳ ಹಾಗೆ ನೋಡಿದಳು. ಅವಳು ಮೊದಲು ಕೇಳಿದ್ದು ಗಂಜಿಯ ಮಾತಲ್ಲ.

"ಹನ್ನೊಂದಕ್ಕೆ ಹಸಿವು ಅಂತ ಅವಳ ಮೈ ಮೇಲೆ ನಾನು ಸೌದೆ ಮುರಿದೆನಲ್ಲ. ಆಗ ನೀನು ಎಲ್ಲಿದ್ದೆ?"

"ಹಿಂಬಾಗಿಲಲ್ಲಿ. ತುತ್ತು ಹಿಡ್ಕೊಂಡು."

"ಬಂದು ನನ್ನ ಕೈ ಹಿಡೀಬೇಕಾಗಿತ್ತು." ಅವಳ ಕೈ ಮೇಲೆದ್ದಿತು. ಹೊಡೆಯುತ್ತಾಳೆ ಎಂದು ಮುಖ ಒಡ್ಡಿದೆ. ಅವಳು ಆ ಕೈಯನ್ನೇ ತಿರುಗಿಸಿ ನೋಡಿಕೊಂಡಳು, ಮಡಿಲಲ್ಲಿ ಇಟ್ಟುಕೊಂಡಳು. "ಏನೂ ತಪ್ಪಿಲ್ಲದ ಕೂಸನ್ನ ಹೊಡೆಯೋ ಹಂಗೆ ಮಾಡಿದೆಯಲ್ಲೇ ನನ್ನ."

ಬೋರಲಿಂಗಯ್ಯ ಬಾಗಿಲು ಮುಂದಕ್ಕೆ ಹಾಕಿದರು. "ಇದು ಈ ಕೋಣೆ ದಾಟಬಾರದು. ಪುಟ್ಟತಾಯಮ್ಮನ ಹೆಸರು ಒಂದು ಕಡೆ ಸುಳ್ಳಾದ್ರೆ ಊರಿನ ಅರ್ಧ ನನ್ನ ಬಾಗಿಲಿಗೆ ಬರುತ್ತೆ, ನಂದು ಯಾರ ಒಕ್ಕಲು ನೋಡು ಅಂತ. ನಾನಂತೂ ಪುಸ್ತಕ ತಿದ್ದಲ್ಲ, ರುಜು ಹಾಕಲ್ಲ."

"ನಿಮ್ಮ ರುಜು ಇಲ್ಲದೆ ಆಸ್ಪತ್ರೆಯವರು ಗಡಿಗೆ ಒಳಕ್ಕೆ ಬಿಡ್ತಾರಾ?" ಎಂದಳು ಜವರಮ್ಮ.

ಬೋರಲಿಂಗಯ್ಯ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕೆಟ್ಟ ಮನುಷ್ಯನಲ್ಲ. ಪುಟವನ್ನು ಮಡಿಸುತ್ತಾ ಹೇಳಿದರು: "ಒಕ್ಕಲಿನ ಒಡತಿಯೇ ತನ್ನ ಕೈಯಾರೆ ಬರೆದು, ಕೊಟ್ಟದ್ದು ನಾನು ಅಂತ ರುಜು ಹಾಕಿದ್ರೆ ಬಿಡ್ತಾರೆ. ಹಾಗೆ ಬರೆದ ಮೇಲೆ ಸಾಕಜ್ಜಿ, ಊರಿಗೆ ಗೊತ್ತಾಗದೇ ಇರಲ್ಲ. ನಾಳೆಯಿಂದ ನೀನು ತುತ್ತಿನಮನೆ ಗಡಿಗೆ ಮುಟ್ಟೋ ಹಾಗಿಲ್ಲ. ಬೂದಿ ಕೈಯಿಂದಲೂ."

"ಬರೆದಾಗಿದೆ ಸ್ವಾಮಿ," ಎಂದೆ.

ಮನೆಗೆ ಬಂದು ಮೊದಲು ಉಣ್ಣಲು ಕೂತೆ. ಒಂಬತ್ತು ದಿನ ನಾನು ಉಣ್ಣದ್ದರಿಂದ ನನ್ನ ಒಕ್ಕಲೂ ಸೊರಗಿರುತ್ತದೆ. ಅದು ಸತ್ತಿದ್ದರೆ ಕಾಗದಕ್ಕೂ ಗಡಿಗೆಗೂ ಅರ್ಥವಿಲ್ಲ. ಗೆಣಸು ಬೇಯಿಸಿ, ನಾರು ಸಮೇತ, ಹಸಿವಿಲ್ಲದ ಬಾಯಿಗೆ ತುರುಕಿದೆ. ಗಂಟಲು ಒಲ್ಲೆ ಎಂದಿತು. ನೀರು ಕುಡಿದು ತಳ್ಳಿದೆ. ಎರಡು ಸಲ ಬಾಯಿಗೆ ಬಂದದ್ದನ್ನು ಮತ್ತೆ ನುಂಗಿದೆ. ಸಂಜೆ ರೊಟ್ಟಿಯ ಮೂರು ತುಂಡು ಅಗಿದೆ. ಇರುವ ನಾಲ್ಕು ಹಲ್ಲಿಗೆ ಬಹಳ ಹೊತ್ತು ಹಿಡಿಯಿತು. ಗಂಜಿಗೆ ಬಿಟ್ಟು, ಬಾಯಿ ಕಟ್ಟಿ, ಒಲೆಯ ಬೆಚ್ಚಗಿನ ಮೂಲೆಯಲ್ಲಿ ಇಟ್ಟೆ.

ಬೆಳಗ್ಗೆ ಗಡಿಗೆಯ ಬಾಯಿಬಟ್ಟೆ ಬಿಚ್ಚಲು ಕೈ ಬರಲಿಲ್ಲ. ಗಡಿಗೆಗೆ ಕಿವಿ ಇಟ್ಟೆ. ಮೌನ. ಪುಟ್ಟತಾಯಮ್ಮನ ಅವತ್ತಿನ ಮುಖ ನೆನಪಾಯಿತು. ಕಿವಿ ತೆಗೆಯದೆ ಹಾಗೇ ಕೂತೆ. ಬಹಳ ಹೊತ್ತಿನ ಮೇಲೆ, ಎಲ್ಲೋ ತಳದಿಂದ, ಒಂದು ಗುಳ್ಳೆ ಮೇಲೆ ಬಂದು ಒಡೆಯಿತು. ಇನ್ನೂ ಸ್ವಲ್ಪ ಹೊತ್ತಿಗೆ ಇನ್ನೊಂದು. ಸಾವಿರ ಗುಳ್ಳೆ ಬರಬೇಕಾದ ಕಡೆ ಎರಡು. ಆದರೆ ವಾಸನೆ ಹುಳಿಯದೇ.

ರಾಗಿ ಡಬ್ಬಿಯನ್ನು ಮೊರಕ್ಕೆ ಸುರಿದು ಕಾಗದ ತೆಗೆದೆ. ಅದರಲ್ಲಿ ಇದ್ದದ್ದು ಹೆಚ್ಚೇನಿಲ್ಲ. "ಮಗಳೇ ವನಜಾಕ್ಷಿ, ನಿನ್ನದು ಕಳ್ಳಹಸಿವಲ್ಲ. ಅದು ನನ್ನದು. ನಿನ್ನ ಹೊಟ್ಟೆಯಲ್ಲಿರುವ ಒಕ್ಕಲು ನಾನು ಕೊಟ್ಟದ್ದು. ನಿನಗೆ ಬಿದ್ದ ಏಟು ನನಗೆ ಬೀಳಬೇಕಾಗಿತ್ತು. ಇದನ್ನು ನನ್ನ ಕೈಯಿಂದಲೇ ಬರೆಯಬೇಕೆಂದು ಅಕ್ಷರ ಕಲಿತೆ." ಕೆಳಗೆ ರುಜು, ಅದರ ಕೆಳಗೆ ತಾರೀಖು. ಆಸ್ಪತ್ರೆಯವರಿಗೆಂದು ಒಂದು ಸಾಲು ಸೇರಿಸಿದೆ: "ಈ ಗಡಿಗೆ ಸಾಕಮ್ಮನಾದ ನನ್ನದು, ಇದನ್ನು ಅವಳಿಗೆ ಕೊಡಿ." ಲಕೋಟೆಯ ಅಂಟು ಒಣಗಿ ಪುಡಿಯಾಗಿತ್ತು. ನಾಲಿಗೆ ಆಡಿಸಿದೆ, ನಾಲಿಗೆಯೂ ಒಣಗಿತ್ತು. ಕೊನೆಗೆ ಗಡಿಗೆಯ ಗಂಜಿಯಲ್ಲೇ ಬೆರಳದ್ದಿ ಅಂಟಿಸಿದೆ.

ಬಸ್ಸು ನಿಲ್ಲುವಲ್ಲಿ ಸುದ್ದಿ ನನಗಿಂತ ಮೊದಲೇ ಬಂದಿತ್ತು. ನನ್ನನ್ನು ಕಂಡು ಹೆಂಗಸರು ಕೂಸುಗಳನ್ನು ಆಚೆಯ ಸೊಂಟಕ್ಕೆ ಬದಲಿಸಿಕೊಂಡರು. ಜವರಮ್ಮ ಕಿಟಕಿಯ ಪಕ್ಕ ಕೂತಿದ್ದಳು. ಗಡಿಗೆಯನ್ನು ಎರಡೂ ಕೈಯಿಂದ ತೆಗೆದುಕೊಂಡು ತೊಡೆಯ ಮೇಲಿಟ್ಟು ಸೆರಗು ಮುಚ್ಚಿದಳು.

"ಅವಳು ಉಳಿದ್ರೂ ನಿನ್ನ ಜೊತೆ ಮಾತಾಡ್ತಾಳೋ ಇಲ್ವೋ ನಂಗೊತ್ತಿಲ್ಲ," ಎಂದಳು. "ನಾನಂತೂ ಆಡಲ್ಲ."

"ಬೇಡ ಜವರೀ. ಗಡಿಗೆ ಅಲುಗಿಸಬೇಡ, ಅಷ್ಟೇ."

ಕಾಗದ ಚಾಚಿದೆ. ಅಕ್ಷರ ಬಾರದವಳಾದರೂ ಅವಳಿಗೆ ಕಾಗದ ಹೊಸದೋ ಹಳೆಯದೋ ಎಂದು ತಿಳಿಯದೇ ಇರಲಿಲ್ಲ. ಹಳದಿಗಟ್ಟಿದ ಲಕೋಟೆ, ಮಡಿಕೆಯಲ್ಲಿ ರಾಗಿಯ ಕಾಳು. ಅದನ್ನು ಹೆಬ್ಬೆರಳಿನಿಂದ ಉದುರಿಸಿದಳು.

"ಇದು ನೆನ್ನೆ ಬರೆದದ್ದಲ್ಲ."

"ಅಲ್ಲ."

"ಎಷ್ಟು ದಿನ ಆಯ್ತು?"

"ಆರು ವರ್ಷ. ತಾರೀಖು ಒಳಗಿದೆ. ತಿದ್ದಿಲ್ಲ."

ಕಂಡಕ್ಟರು ಸೀಟಿ ಊದಿದ. ಜವರಮ್ಮ ಲಕೋಟೆಯನ್ನು ಗಡಿಗೆಯ ಬಾಯಿಗೆ ಕಟ್ಟಿದ ಬಟ್ಟೆಯ ಸಂದಿಗೆ ಸಿಕ್ಕಿಸಿ, ಅದರ ಮೇಲೆ ಅಂಗೈ ಒತ್ತಿ ಹಿಡಿದಳು. ಬಸ್ಸು ಹೊರಟಿತು.